ಡಿಜಿಟಲ್ ಸಂಗೀತ ಪ್ಲೇಯರ್ (ಮನೆಯ ಹೈ-ಫೈ)

ಡಿಜಿಟಲ್ ಸಂಗೀತ ಪ್ಲೇಯರ್ ಎಂದರೆ ಕಡತಗಳ ರೂಪದಲ್ಲಿ ಸಂಗ್ರಹವಾಗಿರುವ ಅಥವಾ ಅಂತರಜಾಲದ ಮೂಲಕ ಬರುವ ಧ್ವನಿಮುದ್ರಣವನ್ನು ಓದಿ, ಅದನ್ನು ಮನೆಯ ಆ್ಯಂಪ್ಲಿಫೈಯರ್ ಮತ್ತು ಸ್ಪೀಕರುಗಳಿಗೆ ಒದಗಿಸುವ ಸಾಧನ. ಗ್ರಾಮಫೋನ್, ಕ್ಯಾಸೆಟ್ ಡೆಕ್ ಮತ್ತು ಸಿಡಿ ಪ್ಲೇಯರುಗಳು ಹಿಂದೆ ನಿರ್ವಹಿಸುತ್ತಿದ್ದ ಸ್ಥಾನವನ್ನು ಇಂದು ಇದು ವಹಿಸಿಕೊಂಡಿದೆ. ಮಾರುಕಟ್ಟೆಯಲ್ಲಿ ಇದರ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಹಲವು ಲಕ್ಷ ರೂಪಾಯಿಗಳವರೆಗೆ ವ್ಯಾಪಿಸಿದೆ. ಆದರೆ ಬೆಲೆಯ ಅಂತರದಷ್ಟು ಅಂತರ ಧ್ವನಿಯಲ್ಲಿ ಇರುವುದಿಲ್ಲ. ಕಡಿಮೆ ವೆಚ್ಚದಲ್ಲಿ ಸೂಕ್ತ ಪ್ಲೇಯರನ್ನು ಆರಿಸುವ ಬಗೆಯನ್ನು ಹುಬ್ಬಳ್ಳಿ-ಧಾರವಾಡ ಪ್ರದೇಶದ ಹಿಂದೂಸ್ತಾನಿ ಸಂಗೀತ ಶ್ರವಣದ ಹಿನ್ನೆಲೆಯಲ್ಲಿ ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಧಾರವಾಡ ಸೀಮೆಯು ಹಿಂದೂಸ್ತಾನಿ ಸಂಗೀತದ ಪ್ರಮುಖ ನೆಲೆಗಳಲ್ಲಿ ಒಂದು. ಕುಂದಗೋಳದ ಸವಾಯಿ ಗಂಧರ್ವ, ಧಾರವಾಡದ ಮಲ್ಲಿಕಾರ್ಜುನ ಮನಸೂರ (1910–1992) ಮತ್ತು ಬಸವರಾಜ ರಾಜಗುರು, ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಗಂಗೂಬಾಯಿ ಹಾನಗಲ್ (1913–2009), ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿ (1922–2011) ಇವರ ಗಾಯನವು ಸಭೆಗಳಲ್ಲಿ ಮಾತ್ರವಲ್ಲದೆ ಧ್ವನಿಮುದ್ರಣದ ಮೂಲಕವೂ ಮನೆಮನೆಗೆ ತಲುಪಿತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಕೇಂದ್ರವು ಈ ಶ್ರವಣ ಸಂಸ್ಕೃತಿಯನ್ನು ವಿಸ್ತರಿಸಿತು.

ಧ್ವನಿಮುದ್ರಣದ ಪ್ರತಿಯೊಂದು ಮಾಧ್ಯಮವೂ ಸಂಗೀತಕ್ಕೆ ತನ್ನದೇ ಆದ ಮಿತಿಯನ್ನು ವಿಧಿಸಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಮುದ್ರಿಕೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಗಳಷ್ಟೇ ಹಿಡಿಯುತ್ತಿದ್ದವು. ಒಂದು ತಾಸು ಹಾಡಬಹುದಾದ ರಾಗವನ್ನು ಗಾಯಕರು ಅಷ್ಟರಲ್ಲಿಯೇ ಮುಗಿಸಬೇಕಾಗುತ್ತಿತ್ತು. 1948ರಲ್ಲಿ ಬಂದ ಎಲ್‌ಪಿ ಮುದ್ರಿಕೆಯು ಬದಿಯೊಂದಕ್ಕೆ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಅವಕಾಶ ನೀಡಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಪರಿಚಯಿಸಿದ ಕ್ಯಾಸೆಟ್ಟಿನಲ್ಲಿ ರೇಡಿಯೋ ಕಾರ್ಯಕ್ರಮಗಳನ್ನೂ ಮನೆಯಲ್ಲೇ ಮುದ್ರಿಸಿಕೊಳ್ಳುವುದು ಸಾಧ್ಯವಾಯಿತು. 1982ರಲ್ಲಿ ಬಂದ ಸಿಡಿ ಒಂದು ತಾಸಿಗೂ ಹೆಚ್ಚಿನ ಗಾಯನವನ್ನು ಒಂದೇ ಬದಿಯಲ್ಲಿ ಹಿಡಿದಿಟ್ಟಿತು. ಕಡತಗಳ ಕಾಲದಲ್ಲಿ ಈ ಅವಧಿಯ ಮಿತಿ ಇಲ್ಲವಾಗಿದೆ. ಅದರ ಬದಲು ಹೊಸ ತೊಡಕುಗಳು ಹುಟ್ಟಿಕೊಂಡಿವೆ. ಪ್ಲೇಯರಿನ ಆಯ್ಕೆ ಈ ತೊಡಕುಗಳನ್ನು ಅದು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಅವಲಂಬಿಸಿದೆ.

ಕಾರ್ಯವಿಧಾನ

ಪ್ಲೇಯರಿನ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದಾಗಿ ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಅಥವಾ ಜಾಲದಿಂದ ಕಡತವನ್ನು ಪಡೆಯುವುದು. ಎರಡನೆಯದಾಗಿ ಸಂಕುಚಿತಗೊಂಡ ಕಡತವನ್ನು ಬಿಡಿಸಿ ಸಂಖ್ಯೆಗಳ ಸರಣಿಯನ್ನಾಗಿ ಮಾಡುವುದು. ಮೂರನೆಯದಾಗಿ ಆ ಸಂಖ್ಯೆಗಳನ್ನು ಆ್ಯಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಪರಿವರ್ತಿಸುವುದು. ಈ ಮೂರನೆಯ ಕೆಲಸವನ್ನು ಮಾಡುವ ಭಾಗಕ್ಕೆ ಡ್ಯಾಕ್ ಎಂದು ಹೆಸರು. ಕೆಲವು ಪ್ಲೇಯರುಗಳಲ್ಲಿ ಡ್ಯಾಕ್ ಒಳಗೇ ಇರುತ್ತದೆ. ಇನ್ನು ಕೆಲವಕ್ಕೆ ಯುಎಸ್‌ಬಿ, ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಕೇಬಲ್ ಮೂಲಕ ಪ್ರತ್ಯೇಕ ಡ್ಯಾಕ್ ಜೋಡಿಸಬೇಕು.

ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು 16 ಬಿಟ್‌ಗಳ ನಿಖರತೆಯಲ್ಲಿ ದಾಖಲಾಗಿರುತ್ತವೆ. ಮಾದರಿ ದರದ ಅರ್ಧದಷ್ಟು, ಅಂದರೆ ಸುಮಾರು 22,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಇದು ಪುನರುತ್ಪಾದಿಸಬಲ್ಲದು. ಮನುಷ್ಯನ ಶ್ರವಣದ ಮೇಲ್ಮಿತಿ ಸುಮಾರು 20,000 ಹರ್ಟ್ಸ್. ವಯಸ್ಸಾದಂತೆ ಅದೂ ಇಳಿಯುತ್ತದೆ. ಆದ್ದರಿಂದ ಸಿಡಿಯ ಗುಣಮಟ್ಟವನ್ನು ತಪ್ಪಿಲ್ಲದೆ ನುಡಿಸುವ ಪ್ಲೇಯರ್ ಮನೆಯ ಶ್ರವಣಕ್ಕೆ ಸಾಕಾಗುತ್ತದೆ. 24 ಬಿಟ್, 96,000 ಅಥವಾ 1,92,000 ಹರ್ಟ್ಸ್ ಎಂಬ ದೊಡ್ಡ ಅಂಕಿಗಳನ್ನು ಮಾತ್ರ ನೋಡಿ ಹೆಚ್ಚು ಹಣ ನೀಡುವ ಅಗತ್ಯವಿಲ್ಲ. 78 ಸುತ್ತಿನ ಮುದ್ರಿಕೆ ಅಥವಾ ಕ್ಯಾಸೆಟ್ಟಿನಿಂದ ಬಂದ ಹಳೆಯ ಗಾಯನದಲ್ಲಿ ಅಷ್ಟು ಎತ್ತರದ ಆವರ್ತಾಂಕಗಳು ಮೂಲದಲ್ಲಿಯೇ ಇರುವುದಿಲ್ಲ.

ಕಡತಗಳ ಸ್ವರೂಪ

ಧ್ವನಿ ಕಡತಗಳಲ್ಲಿ ಮೂರು ವರ್ಗಗಳಿವೆ.

ಸಂಕುಚಿತಗೊಳ್ಳದ ಕಡತಗಳು: ಡಬ್ಲ್ಯೂಎವಿ ಈ ವರ್ಗದ್ದು. ಸಿಡಿ ಗುಣಮಟ್ಟದ ಒಂದು ತಾಸಿನ ಗಾಯನಕ್ಕೆ ಸುಮಾರು 635 ಮೆಗಾಬೈಟ್ ಬೇಕು.

ನಷ್ಟರಹಿತ ಸಂಕುಚಿತ ಕಡತಗಳು: 2001ರಲ್ಲಿ ಮೊದಲ ಆವೃತ್ತಿ ಹೊರಬಂದ ಫ್ಲ್ಯಾಕ್ ಮತ್ತು ಆಪಲ್ ಕಂಪನಿಯ ಎಎಲ್‌ಎಸಿ ಈ ವರ್ಗಕ್ಕೆ ಸೇರಿವೆ. ಇವು ಕಡತದ ಗಾತ್ರವನ್ನು ಸಾಮಾನ್ಯವಾಗಿ ಅರ್ಧದಿಂದ ಮೂರನೆಯ ಎರಡು ಭಾಗಕ್ಕೆ ಇಳಿಸುತ್ತವೆ. ಬಿಡಿಸಿದಾಗ ಮೂಲದ ಒಂದು ಬಿಟ್ ಕೂಡ ಕಳೆದುಹೋಗಿರುವುದಿಲ್ಲ. ಫ್ಲ್ಯಾಕ್ ಮುಕ್ತ ಸ್ವರೂಪವಾದುದರಿಂದ ಯಾವ ಕಂಪನಿಯ ಅನುಮತಿಯೂ ಬೇಕಿಲ್ಲ.

ನಷ್ಟಸಹಿತ ಸಂಕುಚಿತ ಕಡತಗಳು: ಎಂಪಿ3 ಮತ್ತು ಎಎಸಿ ಈ ವರ್ಗದವು. ಕಿವಿಗೆ ಸುಲಭವಾಗಿ ಗೋಚರಿಸದ ಅಂಶಗಳನ್ನು ಇವು ತೆಗೆದುಹಾಕುತ್ತವೆ. ಸೆಕೆಂಡಿಗೆ 128 ಕಿಲೋಬಿಟ್ ದರದ ಎಂಪಿ3ಯಲ್ಲಿ ಒಂದು ತಾಸಿನ ಗಾಯನವು ಸುಮಾರು 58 ಮೆಗಾಬೈಟ್‌ಗೆ ಇಳಿಯುತ್ತದೆ. 320 ಕಿಲೋಬಿಟ್ ದರದಲ್ಲಿ ಮೂಲಕ್ಕೂ ಪ್ರತಿಗೂ ಭೇದ ಗುರುತಿಸುವುದು ಬಹುಪಾಲು ಕೇಳುಗರಿಗೆ ಕಷ್ಟ. ಆದರೆ ಒಮ್ಮೆ ತೆಗೆದುಹಾಕಿದ ಅಂಶವನ್ನು ಮರಳಿ ಪಡೆಯಲಾಗದು. ಆದ್ದರಿಂದ ಸಂಗ್ರಹಕ್ಕೆ ಫ್ಲ್ಯಾಕ್ ಸೂಕ್ತ. ಫೋನಿನಲ್ಲಿ ಕೇಳಲು ಎಂಪಿ3 ಸಾಕು. ಒಂದು ತಾಸಿಗೆ 400 ಮೆಗಾಬೈಟ್ ಎಂದು ಲೆಕ್ಕ ಹಿಡಿದರೂ 500 ತಾಸುಗಳ ಫ್ಲ್ಯಾಕ್ ಸಂಗ್ರಹ 200 ಗಿಗಾಬೈಟ್‌ನಲ್ಲಿ ಹಿಡಿಯುತ್ತದೆ.

ಆಯ್ಕೆಯ ಮಾನದಂಡಗಳು

ವಿರಾಮರಹಿತ ನುಡಿಸುವಿಕೆ

ಹಿಂದೂಸ್ತಾನಿ ಸಂಗೀತಕ್ಕೆ ಇದು ಅತ್ಯಂತ ಮುಖ್ಯವಾದ ಗುಣ. ಸಿಡಿಗಳಲ್ಲಿ ಒಂದೇ ರಾಗದ ವಿಲಂಬಿತ ಮತ್ತು ದ್ರುತ ಭಾಗಗಳನ್ನು ಹಲವು ವೇಳೆ ಎರಡು ಪ್ರತ್ಯೇಕ ಟ್ರ್ಯಾಕ್‌ಗಳಾಗಿ ವಿಂಗಡಿಸಿರುತ್ತಾರೆ. ಗಾಯನದಲ್ಲಿ ಅಲ್ಲಿ ಯಾವ ನಿಲುಗಡೆಯೂ ಇರುವುದಿಲ್ಲ. ತಂಬೂರಿಯ ನಾದ ಅಖಂಡವಾಗಿ ಹರಿಯುತ್ತಿರುತ್ತದೆ. ಸಾಮಾನ್ಯ ಪ್ಲೇಯರುಗಳು ಒಂದು ಕಡತವನ್ನು ಮುಚ್ಚಿ ಮುಂದಿನದನ್ನು ತೆರೆಯುವಾಗ ಕ್ಷಣಕಾಲ ಮೌನವಾಗುತ್ತವೆ. ಹಾಡುಗಳ ನಡುವೆ ಈ ಮೌನ ಗಮನಕ್ಕೆ ಬಾರದು. ತಂಬೂರಿಯ ನಡುವೆ ಮಾತ್ರ ಅದು ಶ್ರುತಿಯನ್ನೇ ಕತ್ತರಿಸಿದಂತೆ ಕೇಳುತ್ತದೆ. ಎಂಪಿ3 ಕಡತಗಳಲ್ಲಿ ಈ ದೋಷ ಹೆಚ್ಚು. ಎಂಪಿ3 ಧ್ವನಿಯನ್ನು 1,152 ಮಾದರಿಗಳ ತುಂಡುಗಳಾಗಿ ವಿಭಾಗಿಸುವುದರಿಂದ ಕಡತದ ಆದಿ ಮತ್ತು ಅಂತ್ಯಗಳಲ್ಲಿ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಫ್ಲ್ಯಾಕ್‌ನಲ್ಲಿ ಈ ಸಮಸ್ಯೆ ಇಲ್ಲ. ಕೊಳ್ಳುವ ಮುನ್ನ ಒಂದೇ ರಾಗದ ಎರಡು ಅನುಕ್ರಮ ಟ್ರ್ಯಾಕ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಅಂಗಡಿಯಲ್ಲಿಯೇ ನುಡಿಸಿ ನೋಡುವುದು ಸುಲಭವಾದ ಪರೀಕ್ಷೆ.

ಕನ್ನಡ ಲಿಪಿ ಮತ್ತು ರಾಗದ ಹೆಸರು

ಬಹುತೇಕ ಪ್ಲೇಯರುಗಳು ಸಂಗ್ರಹವನ್ನು ಗಾಯಕ, ಆಲ್ಬಮ್, ಹಾಡು ಎಂದು ವರ್ಗೀಕರಿಸುತ್ತವೆ. ರಾಗಸಂಗೀತಕ್ಕೆ ಈ ವರ್ಗೀಕರಣ ಸಾಲದು. ಒಬ್ಬರೇ ಗಾಯಕರು ಒಂದೇ ರಾಗವನ್ನು ಬೇರೆ ಬೇರೆ ವರ್ಷಗಳಲ್ಲಿ ಹಾಡಿರುತ್ತಾರೆ. ಮಲ್ಲಿಕಾರ್ಜುನ ಮನಸೂರರಂತೆ ಅಪ್ರಚಲಿತ ರಾಗಗಳಿಗೆ ಹೆಸರಾದವರ ಸಂಗ್ರಹದಲ್ಲಿ ರಾಗದ ಹೆಸರು ಇಲ್ಲದಿದ್ದರೆ ಬೇಕಾದುದನ್ನು ಹುಡುಕುವುದೇ ಅಸಾಧ್ಯ. ಫ್ಲ್ಯಾಕ್ ಕಡತದೊಳಗೆ ರಾಗ, ತಾಳ, ಸ್ಥಳ, ವರ್ಷ ಮುಂತಾದ ವಿವರಗಳಿಗೆ ಹೊಸ ಕ್ಷೇತ್ರಗಳನ್ನು ಸೇರಿಸಬಹುದು. ಕ್ಷೇತ್ರದ ಹೆಸರು ರೋಮನ್ ಲಿಪಿಯಲ್ಲಿರಬೇಕಾದರೂ ಅದರೊಳಗಿನ ವಿವರವನ್ನು ಕನ್ನಡದಲ್ಲಿ ಬರೆಯಬಹುದು. ಪ್ಲೇಯರಿನ ಪರದೆ ಅಥವಾ ಅದರ ಆ್ಯಪ್ ಕನ್ನಡ ಅಕ್ಷರಗಳನ್ನು ಸರಿಯಾಗಿ ತೋರಿಸುತ್ತದೆಯೇ, ಚೌಕಾಕಾರದ ಚಿಹ್ನೆಗಳನ್ನು ತೋರಿಸುತ್ತದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು.

ಗುಂಯ್‌ಗುಟ್ಟುವಿಕೆ

ಭಾರತದಲ್ಲಿ ವಿದ್ಯುತ್ ಪೂರೈಕೆಯ ಆವರ್ತಾಂಕ 50 ಹರ್ಟ್ಸ್. ಪ್ಲೇಯರ್, ಡ್ಯಾಕ್ ಮತ್ತು ಆ್ಯಂಪ್ಲಿಫೈಯರುಗಳು ಬೇರೆ ಬೇರೆ ಕಡೆಯಲ್ಲಿ ಭೂಸಂಪರ್ಕ ಪಡೆದಾಗ ಅವುಗಳ ನಡುವೆ ಹರಿಯುವ ಸಣ್ಣ ವಿದ್ಯುತ್ ಪ್ರವಾಹ ಸ್ಪೀಕರಿನಲ್ಲಿ ಗುಂಯ್ ಎಂದು ಕೇಳುತ್ತದೆ. ಆಲಾಪದಂತಹ ನಿಧಾನವಾದ ಗಾಯನದಲ್ಲಿ ಇದು ತಂಬೂರಿಯ ಶ್ರುತಿಗೆ ಹೊಂದದ ಇನ್ನೊಂದು ಶ್ರುತಿಯಾಗಿ ಬಾಧಿಸುತ್ತದೆ. ಎಲ್ಲ ಸಾಧನಗಳನ್ನು ಒಂದೇ ಪ್ಲಗ್ ಬೋರ್ಡಿಗೆ ಜೋಡಿಸುವುದು ಅಥವಾ ಪ್ಲೇಯರಿನಿಂದ ಡ್ಯಾಕ್‌ಗೆ ಆಪ್ಟಿಕಲ್ ಕೇಬಲ್ ಬಳಸುವುದು ಇದಕ್ಕೆ ಪರಿಹಾರ. ಆಪ್ಟಿಕಲ್ ಕೇಬಲ್‌ನಲ್ಲಿ ಹರಿಯುವುದು ಬೆಳಕು ಮಾತ್ರವಾದುದರಿಂದ ಅದರ ಮೂಲಕ ವಿದ್ಯುತ್ ಸಂಪರ್ಕ ಏರ್ಪಡುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅರ್ತಿಂಗ್ ಪಿನ್ನನ್ನು ಎಂದಿಗೂ ಕತ್ತರಿಸಬಾರದು.

ಸಾಧನದ ಆಯುಷ್ಯ

ಸಾಧನ ಕೆಡದಿದ್ದರೂ ತಯಾರಕರ ಸೇವೆ ನಿಂತರೆ ಪ್ಲೇಯರ್ ನಿರುಪಯುಕ್ತವಾಗಬಹುದು. 2015ರಲ್ಲಿ 35 ಡಾಲರ್ ಬೆಲೆಗೆ ಬಂದ ಗೂಗಲ್ ಕಂಪನಿಯ ಕ್ರೋಮ್‌ಕಾಸ್ಟ್ ಆಡಿಯೋ ಅಗ್ಗದ ಪ್ಲೇಯರುಗಳಲ್ಲಿ ಜನಪ್ರಿಯವಾಗಿತ್ತು. 2019ರಲ್ಲಿ ಅದರ ತಯಾರಿಕೆ ನಿಂತಿತು. 2025ರ ಮಾರ್ಚ್‌ನಲ್ಲಿ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದುದರಿಂದ ಆ ಸಾಧನಗಳು ಕೆಲವು ದಿನ ಕೆಲಸ ಮಾಡಲಿಲ್ಲ. ಬಳಿಕ ಕಂಪನಿಯೇ ಅದನ್ನು ಸರಿಪಡಿಸಿತು. ಲಾಜಿಟೆಕ್ ಕಂಪನಿಯು ಸ್ಕ್ವೀಜ್‌ಬಾಕ್ಸ್ ಪ್ಲೇಯರುಗಳನ್ನು 2012ರಲ್ಲಿ ನಿಲ್ಲಿಸಿದರೂ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಮುಂದುವರಿಸಿದರು. ಅದು ಈಗ ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಲ್ಲಿ ಲಭ್ಯವಿದೆ. ಅಂತರಜಾಲವಿಲ್ಲದೆಯೂ ಸ್ವಂತ ಕಡತಗಳನ್ನು ನುಡಿಸಬಲ್ಲ ಪ್ಲೇಯರನ್ನು ಆರಿಸುವುದು ಲೇಸು ಎಂಬುದನ್ನು ಈ ಎರಡು ನಿದರ್ಶನಗಳು ಸೂಚಿಸುತ್ತವೆ.

ಕಡಿಮೆ ವೆಚ್ಚದ ಮಾರ್ಗಗಳು

ಹಳೆಯ ಫೋನ್ ಅಥವಾ ಲ್ಯಾಪ್‌ಟಾಪ್: ಮನೆಯಲ್ಲಿ ಬಳಸದೆ ಇಟ್ಟಿರುವ ಫೋನಿಗೆ ಯುಎಸ್‌ಬಿ ಡ್ಯಾಕ್ ಒಂದನ್ನು ಜೋಡಿಸಿದರೆ ಅದೇ ಪ್ಲೇಯರ್ ಆಗುತ್ತದೆ. ಇದು ಎಲ್ಲಕ್ಕಿಂತ ಅಗ್ಗದ ಮಾರ್ಗ. ಕರೆ ಮತ್ತು ಸಂದೇಶಗಳ ಸದ್ದು ನಡುವೆ ಬಾರದಂತೆ ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿ ಇಡಬೇಕು.

ರಾಸ್‌ಬೆರಿ ಪೈ: 2012ರಲ್ಲಿ ಬ್ರಿಟನ್ನಿನಲ್ಲಿ ಶಿಕ್ಷಣದ ಉದ್ದೇಶದಿಂದ ಬಿಡುಗಡೆಯಾದ ಅಂಗೈಯಗಲದ ಕಂಪ್ಯೂಟರ್ ಇದು. ವಾಲ್ಯೂಮಿಯೋ, ಮೂಡ್, ಪೈಕೋರ್‌ಪ್ಲೇಯರ್ ಮುಂತಾದ ತಂತ್ರಾಂಶಗಳನ್ನು ಅಳವಡಿಸಿ ಇದನ್ನು ಪ್ಲೇಯರ್ ಆಗಿ ಬಳಸಬಹುದು. ಕೆಲವು ಮಾದರಿಗಳಲ್ಲಿರುವ ಹೆಡ್‌ಫೋನ್ ಕಿಂಡಿಯ ಧ್ವನಿ ಹೈ-ಫೈ ಗುಣಮಟ್ಟದ್ದಲ್ಲ. ಮೇಲೆ ಕೂರಿಸುವ ಡ್ಯಾಕ್ ಫಲಕ ಅಥವಾ ಯುಎಸ್‌ಬಿ ಡ್ಯಾಕ್ ಅಗತ್ಯ. ನುಡಿಸುತ್ತಿರುವಾಗ ಹಠಾತ್ತನೆ ವಿದ್ಯುತ್ ಹೋದರೆ ಮೆಮೊರಿ ಕಾರ್ಡಿನಲ್ಲಿರುವ ಮಾಹಿತಿ ಕೆಡುವ ಅಪಾಯವಿದೆ. ಪೈಕೋರ್‌ಪ್ಲೇಯರ್ ಪೂರ್ತಿಯಾಗಿ ರ‍್ಯಾಮ್‌ನಲ್ಲಿ ನಡೆಯುವುದರಿಂದ ಅದರಲ್ಲಿ ಈ ಅಪಾಯ ಕಡಿಮೆ.

ಸಿದ್ಧ ನೆಟ್‌ವರ್ಕ್ ಸ್ಟ್ರೀಮರ್: ಡ್ಯಾಕ್ ಒಳಗೊಂಡ ಸಣ್ಣ ಪೆಟ್ಟಿಗೆ. ಫೋನಿನ ಆ್ಯಪ್‌ನಿಂದ ನಿಯಂತ್ರಿಸಬಹುದು. ಅಳವಡಿಕೆ ಸುಲಭ, ಆದರೆ ತಯಾರಕರ ಆ್ಯಪ್‌ನ ಮೇಲಿನ ಅವಲಂಬನೆ ಹೆಚ್ಚು. ಹಿರಿಯರಿರುವ ಮನೆಗಳಲ್ಲಿ ರಿಮೋಟ್ ಅಥವಾ ಗುಂಡಿಗಳುಳ್ಳ ಮಾದರಿ ಅನುಕೂಲಕರ.

ಟಿವಿ ಮತ್ತು ಡಿವಿಡಿ ಪ್ಲೇಯರ್: ಇವುಗಳ ಯುಎಸ್‌ಬಿ ಕಿಂಡಿಯ ಮೂಲಕವೂ ಸಂಗೀತ ಕೇಳಬಹುದು. ಆದರೆ ಫ್ಲ್ಯಾಕ್ ಕಡತ, ವಿರಾಮರಹಿತ ನುಡಿಸುವಿಕೆ ಮತ್ತು ಕನ್ನಡ ಲಿಪಿ ಈ ಮೂರೂ ಒಟ್ಟಿಗೆ ದೊರೆಯುವುದು ವಿರಳ.

ಆಯವ್ಯಯದ ದೃಷ್ಟಿಯಿಂದ ಹೆಚ್ಚಿನ ಹಣವನ್ನು ಸ್ಪೀಕರುಗಳಿಗೆ ಮೀಸಲಿಡಬೇಕು. ಧ್ವನಿಯ ವ್ಯತ್ಯಾಸ ಅತಿ ಹೆಚ್ಚಾಗಿ ಕಾಣುವುದು ಸ್ಪೀಕರುಗಳಲ್ಲಿ ಮತ್ತು ಅವುಗಳನ್ನು ಇಟ್ಟಿರುವ ಕೋಣೆಯಲ್ಲಿ. ಬರಿಯ ಗೋಡೆ ಮತ್ತು ನುಣುಪು ಫರಸಿಯ ನೆಲವುಳ್ಳ ಕೋಣೆಯಲ್ಲಿ ಮಾರ್ದನಿ ಹೆಚ್ಚಾಗಿ ಗಾಯಕರ ಉಚ್ಚಾರ ಮಸುಕಾಗುತ್ತದೆ. ಒಂದು ಜಮಖಾನೆ, ದಪ್ಪ ಪರದೆ, ಪುಸ್ತಕದ ಕಪಾಟು ಇವು ದುಬಾರಿ ಪ್ಲೇಯರ್ ಮಾಡಲಾಗದ ಸುಧಾರಣೆಯನ್ನು ಮಾಡುತ್ತವೆ.

ಹಳೆಯ ಕ್ಯಾಸೆಟ್‌ಗಳ ಡಿಜಿಟಲೀಕರಣ

ಅಂಗಡಿಯಲ್ಲಿ ಅಥವಾ ಅಂತರಜಾಲದಲ್ಲಿ ದೊರೆಯುವ ಗಾಯನವನ್ನು ಮತ್ತೆ ಕೊಳ್ಳಬಹುದು. ಮನೆಯ ಬೈಠಕ್ಕಿನಲ್ಲಿ ಅಥವಾ ರೇಡಿಯೋದಿಂದ ಮುದ್ರಿಸಿಕೊಂಡ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇರದಿರಬಹುದು. ಕ್ಯಾಸೆಟ್ಟಿನ ಕಾಂತೀಯ ಪಟ್ಟಿ ಕಾಲಕ್ರಮೇಣ ಕ್ಷೀಣಿಸುತ್ತದೆ. ಮಳೆಗಾಲದ ತೇವದಿಂದ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಪ್ಲೇಯರ್ ಕೊಳ್ಳುವುದಕ್ಕಿಂತ ಮೊದಲು ಇವುಗಳ ಡಿಜಿಟಲೀಕರಣ ತುರ್ತಿನ ಕೆಲಸ.

ಇದಕ್ಕೆ ಸುಸ್ಥಿತಿಯಲ್ಲಿರುವ ಕ್ಯಾಸೆಟ್ ಡೆಕ್, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮತ್ತು ಅಡಾಸಿಟಿಯಂತಹ ಉಚಿತ ತಂತ್ರಾಂಶ ಸಾಕು. ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪಟ್ಟಿಯನ್ನು ಒಮ್ಮೆ ಪೂರ್ತಿ ಸುತ್ತಿ ಸಡಿಲಗೊಳಿಸಿ, ಬಳಿಕ ನುಡಿಸಬೇಕು. ಅತಿ ಎತ್ತರದ ಸ್ವರದಲ್ಲಿಯೂ ಧ್ವನಿಮಟ್ಟ ಕೆಂಪು ಗೆರೆಯನ್ನು ಮುಟ್ಟದಂತೆ ಅಂತರ ಬಿಡಬೇಕು. ಸದ್ದು ನಿವಾರಣೆಯ ಪ್ರಯೋಗಗಳನ್ನು ಪ್ರತಿಯ ಮೇಲೆ ಮಾತ್ರ ಮಾಡಬೇಕು. ಅತಿಯಾದ ನಿವಾರಣೆಯಲ್ಲಿ ತಂಬೂರಿಯ ನಾದವೇ ಅಳಿಸಿಹೋಗುತ್ತದೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕೈಬರಹದಲ್ಲಿರುವ ರಾಗ, ದಿನಾಂಕ, ಸಾಥಿದಾರರ ಹೆಸರುಗಳನ್ನು ಕಡತಕ್ಕೆ ಸೇರಿಸಿ, ಎರಡು ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇಡಬೇಕು.

ಹಕ್ಕುಸ್ವಾಮ್ಯ

ಭಾರತದ ಹಕ್ಕುಸ್ವಾಮ್ಯ ಕಾಯಿದೆ, 1957ರ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಮಾಡುವ ನ್ಯಾಯೋಚಿತ ಉಪಯೋಗಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇದೆ. ಹಕ್ಕಿನ ಅವಧಿ ಮುಗಿಯದ ಮುದ್ರಣಗಳ ಪ್ರತಿಗಳನ್ನು ಇತರರಿಗೆ ಹಂಚುವುದು ಅಥವಾ ಅಂತರಜಾಲಕ್ಕೆ ಏರಿಸುವುದು ಈ ವಿನಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಇವನ್ನೂ ನೋಡಿ

ಹಿಂದೂಸ್ತಾನಿ ಸಂಗೀತ
ಗ್ರಾಮಫೋನ್
ಆಕಾಶವಾಣಿ
ಮಲ್ಲಿಕಾರ್ಜುನ ಮನಸೂರ
ಗಂಗೂಬಾಯಿ ಹಾನಗಲ್
ಧಾರವಾಡ