ಹೆಸರು ಬರುವ ಹೊತ್ತು

"ಹೆಸರು ಬರ್ತಾ ಇದೆ! ಬನ್ರೋ, ಹೆಸರು ಬರ್ತಾ ಇದೆ!"

ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸ್ ಸಾಲಿನಲ್ಲಿ ಈ ಕೂಗಿಗೆ ಕಾರ್ಖಾನೆಯ ಸೈರನ್ನಿನಷ್ಟೇ ಮರ್ಯಾದೆ. ಸೈರನ್ ಅಪ್ಪಂದಿರನ್ನು ಶಿಫ್ಟಿಗೆ ಕರೆಯುತ್ತಿತ್ತು. ಈ ಕೂಗು ಉಳಿದವರನ್ನೆಲ್ಲ ಟೀವಿ ಇದ್ದ ಮನೆಗೆ ಕರೆಯುತ್ತಿತ್ತು. ಹೆಂಚಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ, ಕಿಟಕಿಯಲ್ಲಿ ನಿಂತು "ಸಾಕು ಸಾಕು, ಅಯ್ಯೋ ಹೋಯ್ತು, ಇನ್ನೊಂಚೂರು ಈ ಕಡೆ" ಎನ್ನುವವನೊಬ್ಬ. ಚಾಪೆಯ ಮೇಲೆ ಮಕ್ಕಳು, ಅವರ ಹಿಂದೆ ಹೆಂಗಸರು, ಹೊಸ್ತಿಲ ಬಳಿ ರಾತ್ರಿ ಪಾಳಿಗೆ ಹೊರಟ ಖಾಕಿ ಅಂಗಿಯವರು. ಕತೆ ಇನ್ನೂ ಶುರುವಾಗಿಲ್ಲ. ಆದರೂ ಯಾರೂ ಮಾತಾಡುವಂತಿಲ್ಲ. ಹೆಸರು ಬರುತ್ತಿದೆ.

ಟೈಟಲ್ ಕಾರ್ಡ್ ಎನ್ನುವುದು ಆಮೇಲೆ ಕಲಿತ ಮಾತು. ನಮಗದು ಹೆಸರು ಬರುವುದು, ಅಷ್ಟೆ. ಅದನ್ನು ನಾವು ಓದುತ್ತಿದ್ದುದು ಪರೀಕ್ಷೆಯ ಫಲಿತಾಂಶ ನೋಡುವ ಹಾಗೆ, ನಮ್ಮವರು ಯಾರಿದ್ದಾರೆ ಎಂದು. ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ, ನಾಟಕವಾಡುತ್ತ ಸಿನಿಮಾಕ್ಕೆ ಹೋದವರು ದೊಡ್ಡಣ್ಣ. ನಿರ್ದೇಶಕ ಎಸ್. ನಾರಾಯಣ್ ಹುಟ್ಟಿದ್ದು ಇದೇ ಊರಿನಲ್ಲಿ. ಹಾಗಾಗಿ ಯಾವ ಪರದೆಯ ಮೇಲೆ ಯಾವ ಹೆಸರು ಸರಿದರೂ ಒಂದು ಕಣ್ಣು ಇಟ್ಟಿರಬೇಕು. ಈ ಚಟ ಟೀವಿಗಿಂತ ಹಳೆಯದು. 1965ರಲ್ಲಿ ಭದ್ರಾವತಿಗೆ ಆಕಾಶವಾಣಿ ಬಂದಾಗಲೇ ಅಂಟಿಕೊಂಡದ್ದಿರಬೇಕು. ರೇಡಿಯೋ ನಾಟಕ ಮುಗಿದ ಮೇಲೆ ಉದ್ಘೋಷಕರು ಪಾತ್ರಧಾರಿಗಳ ಹೆಸರನ್ನು ಒಂದೊಂದಾಗಿ, ಅವಸರವಿಲ್ಲದೆ ಹೇಳುವವರೆಗೆ ಅಜ್ಜಿ ಕಿವಿ ತೆಗೆಯುತ್ತಿರಲಿಲ್ಲ. ಅವಳಿಗೆ ಹೆಸರು ಬರುತ್ತಿದ್ದುದು ಕಿವಿಯ ಮೇಲೆ, ಅದೂ ಕತೆ ಮುಗಿದ ನಂತರ.

ಹಿಂದಿ ಪತ್ತೇದಾರಿಗಳ ವಿಷಯದಲ್ಲಿ ಈ ಆಟ ನಡೆಯುತ್ತಿರಲಿಲ್ಲ. 1985ರ 'ಕರಮಚಂದ್'ನಲ್ಲಿ ನಮಗೆ ಬೇಕಾದದ್ದು ಪಂಕಜ್ ಕಪೂರ್ ಕಚಕಚನೆ ಕಡಿಯುತ್ತಿದ್ದ ಕ್ಯಾರೆಟ್ಟು. ನಮ್ಮ ಮನೆಯ ಕ್ಯಾರೆಟ್ಟು ಪಲ್ಯಕ್ಕೆ ಸಾಲದೆ ಅಮ್ಮ ಬೈದದ್ದೂ ಉಂಟು. 1993ರಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ಬಂದಾಗ ಆನಂದ ಶಂಕರರ ಸಂಗೀತ ಶುರುವಾಗುತ್ತಲೇ ಮೈ ಝುಂ ಎನ್ನುತ್ತಿತ್ತು. ಆದರೆ ಹೆಸರುಗಳು ಕಲ್ಕತ್ತ, ಬೊಂಬಾಯಿಯವರವು. ಅಲ್ಲಿ ಭದ್ರಾವತಿಯವರು ಎಲ್ಲಿಂದ ಬರಬೇಕು? ನೋಡುತ್ತಿದ್ದೆವು, ಓದುತ್ತಿರಲಿಲ್ಲ.

ಅದಕ್ಕೇ ಇರಬೇಕು, ಸದಾನಂದ ಸುವರ್ಣರ 'ಗುಡ್ಡದ ಭೂತ' ಅಷ್ಟು ನೆನಪಿರುವುದು. ತೊಂಬತ್ತರ ಆಸುಪಾಸಿನ, ಹದಿಮೂರೇ ಕಂತಿನ ಕನ್ನಡ ಧಾರಾವಾಹಿ. ಆಗಿನ್ನೂ ಎಳೆಯ ಪ್ರಕಾಶ್ ರೈ. ಭೂತ ಇದೆಯೋ ಇಲ್ಲವೋ ಎಂಬ ಗುಟ್ಟಿನ ಕತೆ. ಅದರ ಮೊದಲ ಹಾಡಿಗೆ ಗದ್ದೆಯ ಕೆಲಸದ ಹಾಡಿನ ಲಯ. ಹೆದರಿಸಬೇಕಾದ ಹಾಡು ನಿಜವಾಗಿ ಕುಣಿಸುತ್ತಿತ್ತು, ಹೆದರಿಕೆ ಆಗುತ್ತಿದ್ದುದು ಹಾಡು ನಿಂತ ಮೇಲೆ. ಟೀವಿ ಆರಿಸಿ ಹಿತ್ತಲಿನ ಪಾಯಖಾನೆಗೆ ಹೋಗುವಾಗ ಇಬ್ಬರು ಜೊತೆಗೆ ಬೇಕು, ಮೂವರೂ ಅದೇ ಹಾಡು ಗುನುಗಬೇಕು. ಭೂತವನ್ನು ಓಡಿಸಲು ಭೂತದ ಧಾರಾವಾಹಿಯ ಹಾಡೇ ಮಂತ್ರ.

ಭದ್ರಾವತಿಯಿಂದ ಶಿವಮೊಗ್ಗೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಆದರೆ ದುರ್ಗಿಗುಡಿಯ ಅತ್ತೆಯ ಮನೆಗೆ ಹೋದರೆ ಟೀವಿ ನೋಡುವ ರೀತಿಯೇ ಬೇರೆ. ಸಂಜೆಯ ಕಾಫಿಯ ಪರಿಮಳ, ಹೂ ಮಾರುವವನ ಕೂಗು, ಹಾಲಿನಲ್ಲಿ ಸೋಫಾ, ಸೋಫಾದ ಮೇಲೆ ಕಸೂತಿ ಬಟ್ಟೆ, ಟೀವಿಗೂ ಒಂದು ಕಸೂತಿ ಬಟ್ಟೆ. 1998. ಚಂದನದಲ್ಲಿ 'ಮಾಯಾಮೃಗ'. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು. ಹಾಡು ಶುರುವಾದರೆ ಅತ್ತೆ ಒಲೆ ಸಣ್ಣ ಮಾಡಿ ಬಂದು ನಿಲ್ಲುತ್ತಿದ್ದರು. ಕೂರುತ್ತಿರಲಿಲ್ಲ. ದೇವರ ಮಂಗಳಾರತಿಗೆ ಯಾರಾದರೂ ಕೂತಿರುತ್ತಾರೆಯೇ?

"ಬರೆದದ್ದು ಎಚ್.ಎಸ್. ವೆಂಕಟೇಶಮೂರ್ತಿ. ನಮ್ಮ ಜಿಲ್ಲೆಯವರು," ಅತ್ತೆ.

"ಅವ್ರೂರು ಹೋದಿಗ್ಗೆರೆ ಈಗ ದಾವಣಗೆರೆ ಜಿಲ್ಲೆ ಕಣೇ," ಮಾವ ಪೇಪರಿನ ಹಿಂದಿನಿಂದ.

"ಹೋದ ವರ್ಷ ಹೋಯ್ತು. ಅವ್ರು ಹುಟ್ಟಿದ್ದು ಹೋದ ವರ್ಷ ಅಲ್ವಲ್ಲ ಮಾರಾಯ್ರೆ."

ಮಾವನ ಮಾತು ಸರಿಯೇ. 1997ರಲ್ಲಿ ಹೊಸ ಜಿಲ್ಲೆ ಆದಾಗ ಚನ್ನಗಿರಿ ತಾಲ್ಲೂಕು ಅತ್ತ ಸೇರಿತು. ಆದರೆ ಅತ್ತೆಯ ಲೆಕ್ಕದ ಮುಂದೆ ಸರ್ಕಾರಿ ಗೆಜೆಟ್ಟಿಗೆ ಬೆಲೆಯಿಲ್ಲ. ಹಾಡಿಗೆ ರಾಗ ಹಾಕಿದ ಸಿ. ಅಶ್ವತ್ಥರನ್ನು ಮಾತ್ರ ಯಾವ ದಾರಿಯಿಂದಲೂ ಶಿವಮೊಗ್ಗೆಗೆ ಎಳೆಯಲಾಗದೆ ಅತ್ತೆ ಒದ್ದಾಡುತ್ತಿದ್ದರು. ಕೊನೆಗೆ ಶಿವಮೊಗ್ಗ ಸುಬ್ಬಣ್ಣನವರ ಹೆಸರು ತಂದು, "ಅವ್ರೂ ಇವ್ರೂ ಒಂದೇ ಸಾಲಿನವ್ರು" ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಅದೇ 1998ರ ಜನವರಿ 21ರಂದು ಸೋನಿಯಲ್ಲಿ 'ಸಿಐಡಿ' ಶುರುವಾಗಿತ್ತು. ಭದ್ರಾವತಿಯ ಉಕ್ಕಿನ ಕಾರ್ಖಾನೆ ಕೇಂದ್ರ ಸರ್ಕಾರದ ಸೇಲ್ ಕಂಪನಿಯೊಳಗೆ ವಿಲೀನವಾದದ್ದೂ ಅದೇ ವರ್ಷ. ಶಿವಮೊಗ್ಗದ ಹಾಲಿನಲ್ಲಿ ಭಾವಗೀತೆ, ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಕೇಬಲ್ಲು, ಎದೆಯ ಮೇಲೆ ಕುಟ್ಟಿದಂಥ ಸಂಗೀತ. ಬೊಂಬಾಯಿಯ ಅಪರಾಧಕ್ಕೆ ಹಾಡು ಬೇಡ. ಎಚ್ಚರಿಕೆಯ ಗಂಟೆ ಬಾರಿಸಿದರೆ ಸಾಕು, ಹೆಣ ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ. ಕಪ್ಪು ಕೋಟು ತೊಟ್ಟ ಸೀತಾರಾಂ ಕಟಕಟೆಯ ಮುಂದೆ ಪಾಟೀಸವಾಲು ಎತ್ತುವುದಕ್ಕೆ ಮೊದಲು ಬದುಕು, ಮಾಯೆ, ಆಸೆ ಎಲ್ಲದರ ಬಗ್ಗೆ ಒಂದು ಹಾಡು ಆಗಲೇಬೇಕು. 'ಮನ್ವಂತರ', 'ಮುಕ್ತ', 2018ರ 'ಮಗಳು ಜಾನಕಿ'ಯವರೆಗೂ ಇದೇ ಪದ್ಧತಿ. ಅತ್ತೆಯ ಪಕ್ಕದ ಮನೆಯ ವಕೀಲರು ಪ್ರತಿ ಸಂಜೆ ಬಂದು ಕೂತು, "ನಮ್ಮ ಕೋರ್ಟಲ್ಲಿ ಇಷ್ಟುದ್ದ ಮಾತಾಡಿದ್ರೆ ಸಾಹೇಬ್ರು ಮುಂದಿನ ತಾರೀಕು ಕೊಟ್ಟು ಎದ್ದು ಹೋಗ್ತಾರೆ" ಎನ್ನುತ್ತಿದ್ದರು. ಆದರೂ ಒಂದು ಕಂತು ಬಿಟ್ಟವರಲ್ಲ. ನನಗೆ ಆ ಹಾಡುಗಳೇ ಇಷ್ಟ. ಅಪರಾಧವನ್ನು ನೋಡುವ ಮೊದಲು ಮನಸ್ಸು ಸ್ವಲ್ಪ ಮೆತ್ತಗಾಗಲಿ ಎನ್ನುವ ಊರಿನಲ್ಲಿ ಬೆಳೆದವನು ನಾನು.

'ಸಿಐಡಿ'ಯದು ಬೇರೆಯೇ ಜಾಣತನ. ಇಪ್ಪತ್ತು ವರ್ಷ, ಒಂದೂವರೆ ಸಾವಿರಕ್ಕೂ ಹೆಚ್ಚು ಕಂತು. ಶುರುವಿನ ದೃಶ್ಯಗಳು ಹಬ್ಬಕ್ಕೆ ಸುಣ್ಣ ಬಳಿದ ಹಾಗೆ ಆಗಾಗ ಹೊಸದಾದವು. ಮುಖಗಳು ಬಂದವು, ಹೋದವು. ಶಿವಾಜಿ ಸಾಟಮ್‌ರ ಪ್ರದ್ಯುಮ್ನ ಉಳಿದರು, ಆ ಸಂಗೀತ ಉಳಿಯಿತು. ಟೀವಿಯ ಕಡೆ ಬೆನ್ನು ಹಾಕಿ ಅವರೆಕಾಯಿ ಸುಲಿಯುವವರಿಗೂ ತಿಳಿಯಬೇಕು, ಅಷ್ಟು ಗುರುತು. 2004ರಲ್ಲಿ ಕ್ಯಾಮೆರಾ ಒಮ್ಮೆಯೂ ನಿಲ್ಲಿಸದೆ 111 ನಿಮಿಷದ ಕಂತು ತೆಗೆದು ದಾಖಲೆ ಮಾಡಿದರು. ನಮ್ಮ ಬೀದಿಗೆ ಅದಕ್ಕಿಂತ ದೊಡ್ಡ ಸುದ್ದಿ ಬಾಗಿಲು ಒಡೆಯುವ ದಯಾ, ಅಂದರೆ ದಯಾನಂದ ಶೆಟ್ಟಿ, ಉಡುಪಿ ಕಡೆಯವರು ಎಂಬುದು. ಆ ದಿನದಿಂದ ಹಿಂದಿ ಹೆಸರುಗಳನ್ನೂ ಓದತೊಡಗಿದೆವು. ಘಟ್ಟದ ಕೆಳಗಿನವರಾದರೇನು, ಆಗುಂಬೆ ಇಳಿದರೆ ಸಿಕ್ಕಲಿಲ್ಲವೇ.

ನಡುವೆ ಈಟೀವಿಯ 'ಕ್ರೈಮ್ ಡೈರಿ' ಬಂತು. ಅದಕ್ಕೆ ಹಾಡೂ ಬೇಡ, ಹೆಸರೂ ಬೇಡ. ರವಿ ಬೆಳಗೆರೆಯವರ ದನಿಯೇ ಟೈಟಲ್ಲು.

ಹೆಸರುಗಳು ಓಡತೊಡಗಿದ್ದು ಯಾವಾಗ ಎಂದು ಗುರುತಿಟ್ಟುಕೊಂಡವರಿಲ್ಲ. ಮೊದಲು ಇಡೀ ಹಾಡು ಹೋಗಿ ಒಂದು ಚರಣ ಉಳಿಯಿತು, ಆಮೇಲೆ ಪಲ್ಲವಿ. ಹೆಸರುಗಳು ಕತೆಯ ಮೊದಲ ದೃಶ್ಯದ ಮೇಲೆಯೇ ಬಿದ್ದು, ಅತ್ತ ಜಗಳ ನೋಡುವುದೋ ಇತ್ತ ಸಂಕಲನ ಯಾರದೆಂದು ಓದುವುದೋ ತಿಳಿಯದಾಯಿತು. 2017ರಲ್ಲಿ ನೆಟ್‌ಫ್ಲಿಕ್ಸ್ ಒಂದು ಗುಂಡಿ ಇಟ್ಟಿತು. ಒತ್ತಿದರೆ ಶುರುವಿನದೆಲ್ಲ ಹಾರಿ ಹೋಗಿ ನೇರ ಕತೆ. ಈಚೆಗೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕಾಲೇಜಿನ ಹುಡುಗನೊಬ್ಬ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಯಾವುದೋ ಕೊಲೆಯ ಸರಣಿ ನೋಡುತ್ತಿದ್ದ. ಮುಕ್ಕಾಲು ಗಂಟೆಯೊಳಗೆ ಎರಡು ಸಲ ಹೆಬ್ಬೆರಳು ಚಕ್ಕನೆ ಮೂಲೆಗೆ ಹೋಗಿ ಬಂತು. ನೋಡದೆಯೇ ಒತ್ತಿದ. ಎಮ್ಮೆ ಬಾಲದಿಂದ ನೊಣ ಓಡಿಸಿದಂತೆ. ಯಾರು ಬರೆದರು, ಯಾರು ಬಾರಿಸಿದರು, ನಮ್ಮೂರಿನವರು ಯಾರಾದರೂ ಇದ್ದರೋ, ಆ ನೊಣದ ಜೊತೆಗೇ ಹೋಯಿತು. ಕಿಟಕಿಯಾಚೆ ನ್ಯೂ ಟೌನು ಬಂತು. ಹೊಗೆಯಿಲ್ಲದ ಚಿಮಣಿ.

ದುರ್ಗಿಗುಡಿಯ ಮನೆಯಲ್ಲಿ ಈಗ ಮಾವ ಇಲ್ಲ. 2022ರಲ್ಲಿ ಸಿರಿ ಕನ್ನಡದಲ್ಲಿ 'ಮತ್ತೆ ಮಾಯಾಮೃಗ' ಬಂದಾಗ ಅತ್ತೆ ಮೊದಲ ದಿನ ಮತ್ತೆ ಎದ್ದು ನಿಂತಿದ್ದರಂತೆ. ಹಳೆಯದೇ ಬೇಕೆನಿಸಿದರೆ ಮೊಮ್ಮಗಳು ಯೂಟ್ಯೂಬಿನಲ್ಲಿ ಹಾಕಿಕೊಡುತ್ತಾಳೆ. 2025ರ ಮೇ ಕೊನೆಯಲ್ಲಿ ವೆಂಕಟೇಶಮೂರ್ತಿಯವರು ತೀರಿಕೊಂಡ ಸುದ್ದಿ ಬಂದ ಸಂಜೆ ಅತ್ತೆ ಅದನ್ನೇ ಕೇಳಿದರು. ಹಾಡು ಶುರುವಾಯಿತು. ಈಗ ನಿಲ್ಲಲು ಮೊಣಕಾಲು ಬಿಡುವುದಿಲ್ಲ, ಕನ್ನಡಕ ಏರಿಸಿ ಮೊಬೈಲು ಮುಖದ ಹತ್ತಿರ ತಂದುಕೊಂಡರು.

"ಅವ್ರ ಹೆಸರು ಬಂದ ಕೂಡ್ಲೆ ನಿಲ್ಸೇ."

ಹುಡುಗಿ ಒತ್ತುವಷ್ಟರಲ್ಲಿ ಹೆಸರು ದಾಟಿ ಹೋಗಿತ್ತು. ಹಿಂದಕ್ಕೆ ಎಳೆದಳು, ತೀರಾ ಹಿಂದಕ್ಕೆ ಹೋಯಿತು. ಮತ್ತೆ ಒತ್ತಿದಳು, ಮತ್ತೆ ದಾಟಿತು.

"ಇರ್ಲಿ ಬಿಡೇ," ಎಂದರು ಅತ್ತೆ. "ಮೊದ್ಲಿಂದ ಹಾಕು."