ಕೀ ತೆಗೆದರೂ ನಿಲ್ಲದ ಫ್ಯಾನ್

ಗಾಡಿ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಒಂದೆರಡು ನಿಮಿಷ ತಿರುಗಿದರೆ ಗಾಬರಿಯಾಗಬೇಡಿ; ಕೆಲವು ಗಾಡಿಗಳಲ್ಲಿ ಅದು ಸಹಜ. ಆದರೆ ಹಾಸನದಲ್ಲಿರೋ ನನ್ನ ಸೋದರಮಾವನ ಹಳೇ ಮಿನಿ ಟ್ರಕ್ಕಿನದು ಬೇರೆಯೇ ಕಥೆ. ಸ್ಟಾರ್ಟ್ ಮಾಡಿದಾಗಿನಿಂದ ಫ್ಯಾನ್ ನಿಲ್ಲುತ್ತಲೇ ಇರಲಿಲ್ಲ. ಈಚೆಗೆ ಕೀ ತೆಗೆದರೂ ತಿರುಗತೊಡಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ತರಕಾರಿ ತುಂಬಿಕೊಂಡು ಮಂಗಳೂರಿಗೆ ಹೊರಡೋಣ ಅಂದರೆ ಬ್ಯಾಟರಿ ಡೌನ್. ಫ್ಯಾನ್ 10 ಆಂಪಿಯರ್ ಎಳೆದರೆ 50 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ಹೊತ್ತು ಬಂದೀತು? ಐದೇ ಗಂಟೆ.

ಪರಿಚಯದ ಮೆಕ್ಯಾನಿಕ್ ಒಬ್ಬರು ಸುಲಭದ ದಾರಿ ಹೇಳಿದ್ದರು: ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ ಹಾಕಿ, ಬೇಕಾದಾಗ ಆನ್ ಮಾಡಿಕೊಳ್ಳಿ. ಮಾವ ಸ್ವಿಚ್ ತಂದೂ ಆಗಿತ್ತು. ನನಗೆ ಭಯವಾಗಿದ್ದು ಅಲ್ಲೇ. ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತಬೇಕು. ಲೋಡ್ ಇದ್ದು, ಲಾರಿಗಳ ಹಿಂದೆ ಸೆಕೆಂಡ್ ಗೇರಲ್ಲಿ ತೆವಳುವಾಗ ರೇಡಿಯೇಟರಿಗೆ ಎದುರುಗಾಳಿಯೇ ಸಿಗಲ್ಲ. ಆಗ ಸ್ವಿಚ್ ಹಾಕೋದು ಮರೆತರೆ ಹೆಡ್ ಗ್ಯಾಸ್ಕೆಟ್ಟೇ ಹೋಗಬಹುದು. ಇಂಜಿನ್ ಬಿಚ್ಚಿಸುವ ಖರ್ಚು ಒಂದು ಕಡೆ, ಅಷ್ಟು ದಿನ ದುಡಿಮೆ ಇಲ್ಲ.

"ಕಂಪ್ಯೂಟರ್ ಓದಿದ್ದೀಯಲ್ಲ, ಹಂಗಾದ್ರೆ ನೀನೇ ನೋಡು" ಅಂದರು ಮಾವ.

ಶನಿವಾರ ಮಲ್ಟಿಮೀಟರ್ ಹಿಡಿದು ಕೂತೆ. ಕೀ ತೆಗೆದಿದ್ದರೂ ತಿರುಗುತ್ತಿದ್ದ ಫ್ಯಾನ್, ರಿಲೇ ಕಿತ್ತ ಕೂಡಲೇ ನಿಂತಿತು. ಸಾಕೆಟ್ಟಿನ 85, 86ರ ನಡುವೆ ವೋಲ್ಟೇಜ್ ಇಲ್ಲ, ಅಂದರೆ ಫ್ಯಾನ್ ಹಾಕು ಅಂತ ಯಾರೂ ಹೇಳುತ್ತಿಲ್ಲ. ಕೈಯಲ್ಲಿದ್ದ ರಿಲೇಯ 30 ಮತ್ತು 87ಕ್ಕೆ ಮೀಟರ್ ಇಟ್ಟರೆ ಬೀಪ್! ಒಳಗಿನ ಕಾಂಟ್ಯಾಕ್ಟ್‌ಗಳು ಸುಟ್ಟು ಅಂಟಿಕೊಂಡಿದ್ದವು. ಅದೇ ರೇಟಿಂಗಿನ ಹೊಸ ರಿಲೇ ಹಾಕಿದ್ದಾಯ್ತು. "ಮುಗೀತಲ್ಲ" ಅಂದರು ಮಾವ.

ಮುಗಿದಿರಲಿಲ್ಲ. ಇಂಜಿನ್ ತಣ್ಣಗಿದ್ದರೂ ಕೀ ಆನ್ ಮಾಡಿದ್ದೇ ಫ್ಯಾನ್ ಮತ್ತೆ ಶುರು. ಈಗ 85, 86ರ ನಡುವೆ 12 ವೋಲ್ಟ್. ಇಸಿಯುನೇ ಫ್ಯಾನ್ ಕೇಳುತ್ತಿದೆ. ಕೂಲೆಂಟ್ ಬಿಸಿಯಾದಂತೆ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ. ಅದನ್ನು ನೋಡಿ ಇಸಿಯು ಟೆಂಪರೇಚರ್ ತಿಳಿಯುತ್ತದೆ. ವೈರೇ ತುಂಡಾದರೆ ಲೆಕ್ಕಕ್ಕೇ ಸಿಗದ ರೀಡಿಂಗ್ ಬರುತ್ತದೆ. ಆಗ ಅದು ರಿಸ್ಕ್ ತಗೊಳ್ಳಲ್ಲ, ಇಂಜಿನ್ ಬಿಸಿ ಇದೆ ಅಂತಲೇ ಭಾವಿಸಿ ಫ್ಯಾನ್ ಹಾಕಿಬಿಡುತ್ತದೆ. ನಮ್ಮ ಫೀಲ್ಡಿನಲ್ಲಿ ಫೇಲ್-ಸೇಫ್ ಅನ್ನೋದು ಇದನ್ನೇ. ಸೆನ್ಸರ್ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ಒಂದು ವೈರ್ ಪ್ಲಾಸ್ಟಿಕ್ಕಿನೊಳಗೇ ತುಂಡು.

ಮೊದಲು ಹೋಗಿದ್ದು ಈ ವೈರು. ಆಮೇಲೆ ದಿನವಿಡೀ ಫ್ಯಾನ್ ಹೊತ್ತು ಹೊತ್ತು ರಿಲೇ ಸೋತಿದೆ. ರಿಲೇ ಒಂದನ್ನೇ ಬದಲಿಸಿ ಬಿಟ್ಟಿದ್ದರೆ ಅದರ ಗತಿಯೂ ಅಷ್ಟೇ ಆಗುತ್ತಿತ್ತು. ಎಲೆಕ್ಟ್ರಿಷಿಯನ್ ಹೊಸ ಕನೆಕ್ಟರ್ ಹಾಕಿಕೊಟ್ಟರು. ಸ್ಟಾರ್ಟ್ ಮಾಡಿ ಕಾದೆವು. ಮುಳ್ಳು ನಡುವಿಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಫ್ಯಾನ್ ತಾನಾಗೇ ತಿರುಗಿ, ತಾನಾಗೇ ನಿಂತಿತು. ನಂಬಿಕೆ ಬರಲೆಂದು ಮಾವ ಮೂರು ಸಲ ನೋಡಿದರು. ತಂದಿಟ್ಟಿದ್ದ ಸ್ವಿಚ್ ಈಗ ಹಿಂದಿನ ಲೋಡ್ ಲೈಟಿಗೆ ಸೇರಿದೆ.

ನಿಮ್ಮನೇಲೂ ಇಂಥ ಗಾಡಿ ಇದ್ದರೆ ಒಂದು ಮಾತು. ಇಸಿಯು ಇಲ್ಲದ ಇನ್ನೂ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಥರ್ಮೋ ಸ್ವಿಚ್ ಇರುತ್ತದೆ, ಅಲ್ಲಿ ಪರೀಕ್ಷೆ ಉಲ್ಟಾ: ತಣ್ಣಗಿದ್ದಾಗ ಕನೆಕ್ಟರ್ ಕಿತ್ತರೆ ಫ್ಯಾನ್ ನಿಂತಿತೋ, ಸ್ವಿಚ್ಚೇ ಹೋಗಿದೆ. ಇಸಿಯು ಗಾಡಿಯಲ್ಲಿ ಕಿತ್ತರೆ ಫ್ಯಾನ್ ಶುರುವಾಗೋದೇ ಹೆಚ್ಚು. ಇನ್ನು ಟೆಂಪರೇಚರ್ ಮುಳ್ಳೇ ಮೇಲಿದ್ದರೆ ಫ್ಯಾನಿನ ತಪ್ಪಿಲ್ಲ. ಥರ್ಮೋಸ್ಟಾಟ್, ಕೂಲೆಂಟ್ ಮಟ್ಟ, ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿದ ರೇಡಿಯೇಟರ್, ಇವನ್ನು ನೋಡಿಸಿ. ಕ್ಯಾಪ್ ಮಾತ್ರ ಇಂಜಿನ್ ಪೂರ್ತಿ ತಣ್ಣಗಾದ ಮೇಲೇ ತೆಗೆಯಿರಿ.