ಊರೊಂದು, ಏರು ಮೂರು

ಟೂರ್ ಡಿ ಫ್ರಾನ್ಸ್ ಹಾದುಹೋಗುವ ಆಲ್ಪ್ಸ್ ಘಾಟಿಗಳನ್ನು ತಮ್ಮದೇ ಕಾಲಿನ ಬಲದಿಂದ ಹತ್ತಬೇಕೆನ್ನುವವರು ಟಿಕೆಟ್ ಕಾಯ್ದಿರಿಸುವ ಮೊದಲು ಯೋಚಿಸಬೇಕಾದ ಸಂಗತಿಗಳು

ಆಲ್ಪ್ ದ್ಯುಯೆಜ್ ಘಾಟಿಯಲ್ಲಿ ತಿರುವುಗಳ ಎಣಿಕೆ ಇಳಿಮುಖ. ಬುಡದ ಹೇರ್‌ಪಿನ್ ತಿರುವಿನ ಫಲಕದ ಮೇಲೆ 21, ತುದಿಯದರ ಮೇಲೆ 1. ಸಂಖ್ಯೆಯ ಜೊತೆಗೆ ಇಲ್ಲಿ ಟೂರ್ ಡಿ ಫ್ರಾನ್ಸ್‌ನ ಹಂತ ಗೆದ್ದವರ ಹೆಸರುಗಳಿವೆ. 21ನೇ ತಿರುವಿನಲ್ಲಿ ಕಾಣುವುದು 1952ರಲ್ಲಿ ಇಲ್ಲಿ ಮೊದಲ ಬಾರಿಗೆ ಗೆದ್ದ ಇಟಲಿಯ ಫೌಸ್ತೊ ಕೊಪ್ಪಿಯ ಹೆಸರು. ಒಟ್ಟು 13.8 ಕಿ.ಮೀ. ದಾರಿ, ಸರಾಸರಿ ಶೇ 8.1ರ ಏರು, ಸುಮಾರು 1,100 ಮೀಟರ್ ಎತ್ತರ. ಶನಿವಾರ, ಭಾನುವಾರ ನಸುಕಿನಲ್ಲೇ ನಂದಿಬೆಟ್ಟದ ಬುಡ ತಲುಪುವ ಬೆಂಗಳೂರಿನ ಸೈಕಲ್ ಗುಂಪುಗಳಲ್ಲಿ ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡವರು ಇದ್ದೇ ಇರುತ್ತಾರೆ. ಅಂಥವರು ಒಂದು ದಿನ ವಿಮಾನ ಹತ್ತಲು ನಿರ್ಧರಿಸಿದಾಗ ಅವರ ಕೈಗೆ ಸಿಗಬೇಕಾದ ಲೇಖನ ಇದು.

ಮೊದಲ ಮಾತು ದುರಾಸೆಯ ಬಗ್ಗೆ. ರಜೆಯ ಯೋಜನೆ ಹಾಳೆಗೆ ಇಳಿಯುವಾಗ ಹೆಸರುಗಳು ತಾವಾಗಿಯೇ ಸಾಲುಗಟ್ಟುತ್ತವೆ: ಆಲ್ಪ್ ದ್ಯುಯೆಜ್, ಮೋಂ ವಾಂತೂ, ತುರ್ಮಲೆ, ಸ್ಟೆಲ್ವಿಯೊ. ಆದರೆ ವಾಂತೂ ಇರುವುದು ದಕ್ಷಿಣದ ಪ್ರೊವಾನ್ಸ್‌ನಲ್ಲಿ, ತುರ್ಮಲೆ ಸ್ಪೇನ್ ಗಡಿಯ ಪಿರೆನೀಸ್‌ನಲ್ಲಿ, ಸ್ಟೆಲ್ವಿಯೊ ಇಟಲಿಯಲ್ಲಿ. ಇವನ್ನೆಲ್ಲ ಒಂದೇ ರಜೆಯಲ್ಲಿ ಮುಗಿಸಲು ಹೊರಟವರು ಸೈಕಲ್ ಮೇಲೆ ಕಳೆಯುವುದಕ್ಕಿಂತ ಹೆಚ್ಚು ಹೊತ್ತನ್ನು ಕಾರಿನೊಳಗೆ ಕಳೆಯುತ್ತಾರೆ. ಹಿಂದಿನ ದಿನದ ಏರಿನಿಂದ ಬಿಗಿದ ಕಾಲುಗಳನ್ನು ಮಡಚಿಕೊಂಡು ಐದಾರು ಗಂಟೆ ಕೂತು, ಮರುದಿನ ಮತ್ತೊಂದು ಪರ್ವತದ ಬುಡದಲ್ಲಿ ನಿಲ್ಲುವುದು ರಜೆಯಲ್ಲ, ಶಿಕ್ಷೆ. ಒಂದೇ ಕಣಿವೆಯನ್ನು ಆರಿಸಿಕೊಳ್ಳಿ, ಒಂದೇ ಊರಿನಲ್ಲಿ ವಾರವಿಡೀ ಬಿಡಾರ ಹೂಡಿ.

ಆ ಊರು ಲೆ ಬೂರ್ ದ್ವಾಜಾಂ ಆಗಿರಲಿ. ಗ್ರೆನೋಬ್ಲ್ ನಗರದಿಂದ ಸುಮಾರು 50 ಕಿ.ಮೀ., ಸಮುದ್ರಮಟ್ಟದಿಂದ 720 ಮೀ. ಎತ್ತರ. ಲಿಯೋಂ ಅಥವಾ ಜಿನೀವಾಕ್ಕೆ ವಿಮಾನದಲ್ಲಿ ಬಂದು, ಗ್ರೆನೋಬ್ಲ್ ತಲುಪಿ ಬಸ್ ಹಿಡಿದರಾಯಿತು. ಬೇಸಿಗೆಯಲ್ಲಿ ಈ ಸಣ್ಣ ಊರು ಸೈಕಲ್ ಸವಾರರಿಗೇ ಮೀಸಲಾದಂತೆ ಇರುತ್ತದೆ: ಬಾಡಿಗೆಗೆ ಒಳ್ಳೆಯ ರೋಡ್ ಬೈಕ್‌ಗಳು, ರಿಪೇರಿ ಅಂಗಡಿಗಳು, ಸೈಕಲ್ ಒಳಗಿಟ್ಟು ಬೀಗ ಹಾಕಲು ಜಾಗವಿರುವ ಹೋಟೆಲ್‌ಗಳು. ಆಲ್ಪ್ ದ್ಯುಯೆಜ್‌ನ ಬುಡ ಪೇಟೆಯಿಂದ ಕೂಗಳತೆ ದೂರ. 1982ರಿಂದ ನಡೆಯುತ್ತಿರುವ, ಒಂದೇ ದಿನದಲ್ಲಿ ಗ್ಲಾಂದೋಂ, ತೆಲೆಗ್ರಾಫ್, ಗಾಲಿಬಿಯೆ ಮತ್ತು ಆಲ್ಪ್ ದ್ಯುಯೆಜ್ ಹತ್ತಿಸುವ ಲಾ ಮಾರ್ಮೊತ್ ಸವಾರಿ ಹೊರಡುವುದೂ ಇಲ್ಲಿಂದಲೇ.

ಬಂದ ಮರುದಿನವೇ 21 ತಿರುವುಗಳಿಗೆ ನುಗ್ಗಬೇಡಿ. ಆ ಘಾಟಿಯ ಮೊದಲ ಎರಡು ಕಿ.ಮೀ. ಅತ್ಯಂತ ಕಡಿದಾದವು, ಶೇ 10ರ ಆಸುಪಾಸು. ಉತ್ಸಾಹದಲ್ಲಿ ಅಲ್ಲೇ ಉಸಿರು ಖರ್ಚಾದರೆ ಉಳಿದ ದಾರಿ ನರಳಾಟ. ಮೊದಲ ದಿನಕ್ಕೆ ಓರ್ನೋಂ ಎಂಬ ಸೌಮ್ಯ ಘಾಟಿ ಇದೆ, 1,370 ಮೀಟರಿನಷ್ಟು ಎತ್ತರದ್ದು. ಬಾಡಿಗೆ ಸೈಕಲ್ಲಿನ ಸೀಟು, ಗೇರು, ಬ್ರೇಕು ನಿಮ್ಮ ಮೈಗೆ ಹೊಂದುತ್ತವೆಯೇ ಎಂದು ನೋಡಲು ಅದು ಸಾಕು. ಎರಡನೆಯ ದಿನ ಆಲ್ಪ್ ದ್ಯುಯೆಜ್, ಆಮೇಲೆ ಒಂದು ದಿನ ಪೂರ್ತಿ ವಿಶ್ರಾಂತಿ. ಅದಾದ ಮೇಲೆ 2,067 ಮೀಟರಿನ ಕ್ರುವಾ ದ ಫೆರ್. ಉದ್ದನೆಯ, ಜನಸಂದಣಿ ಕಡಿಮೆಯಿರುವ, ಅಣೆಕಟ್ಟಿನ ಹಿನ್ನೀರಿನ ಪಕ್ಕದಲ್ಲಿ ಸಾಗುವ ಈ ಏರಿನಲ್ಲಿ ನಡುನಡುವೆ ಇಳಿಜಾರು ಸಿಗುತ್ತದೆ; ಗಳಿಸಿದ ಎತ್ತರ ಕೈತಪ್ಪಿ ಹೋಗುವುದನ್ನು ಸಹಿಸಿಕೊಳ್ಳುವ ಮನಸ್ಸಿರಬೇಕು.

ಇನ್ನು ಗಾಲಿಬಿಯೆ. ನನ್ನ ಮಟ್ಟಿಗೆ ಈ ಇಡೀ ಸೀಮೆಯ ರಾಜಘಾಟಿ ಅದೇ. ಆಲ್ಪ್ ದ್ಯುಯೆಜ್‌ಗೆ ಇರುವುದು ಇತಿಹಾಸದ ಹೊಳಪು. ದಾರಿಯಾಗಿ ನೋಡಿದರೆ ಅದು ಸ್ಕೀಯಿಂಗ್ ಊರೊಂದಕ್ಕೆ ಹತ್ತುವ ವಾಹನದಟ್ಟಣೆಯ ರಸ್ತೆ. ಗಾಲಿಬಿಯೆಯ ತುದಿಯಲ್ಲಿ ಊರಿಲ್ಲ, ಹೋಟೆಲ್‌ಗಳ ಸಾಲಿಲ್ಲ, ಮರವೂ ಇಲ್ಲ. 2,642 ಮೀ. ಎತ್ತರದ ಬೋಳು ಏಣಿನ ಮೇಲೆ ಗಾಳಿ ಮಾತ್ರ ಇರುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀ. ಅದಕ್ಕಿಂತ 700 ಮೀಟರಿಗೂ ಮೇಲೆ ಟಾರು ರಸ್ತೆ ಹೋಗುತ್ತದೆ ಎಂದರೆ ಅಂದಾಜಾದೀತು. ಟೂರ್ ಡಿ ಫ್ರಾನ್ಸ್ ಇಲ್ಲಿಗೆ ಮೊದಲು ಬಂದದ್ದು 1911ರಲ್ಲಿ. ಆಗ ಎಲ್ಲರಿಗಿಂತ ಮುಂದಿದ್ದವನು ಎಮಿಲ್ ಜೋರ್ಜೆ. ಸ್ಪರ್ಧೆಯ ಜನಕ ಆಂರಿ ದೆಗ್ರಾಂಜ್‌ನ ಸ್ಮಾರಕವೂ ಘಾಟಿಯ ದಕ್ಷಿಣ ಮಗ್ಗುಲಲ್ಲೇ, ಸುರಂಗದ ಬಾಯಿಯ ಬಳಿ ನಿಂತಿದೆ.

ಬೂರ್ ದ್ವಾಜಾಂನಿಂದ ಹೊರಟರೆ ನೆತ್ತಿಗೆ ಸುಮಾರು 46 ಕಿ.ಮೀ. ಲಾ ಗ್ರಾವ್ ಹಳ್ಳಿಯ ಎದುರು ಲಾ ಮೆಜ್ ಶಿಖರದ ಹಿಮನದಿಗಳು ತೆರೆದುಕೊಳ್ಳುತ್ತವೆ. 2,058 ಮೀಟರಿನ ಲೊತಾರೆ ಘಾಟಿಯವರೆಗೆ ಏರು ತಾಳ್ಮೆಯದ್ದು. ಆದರೆ ಆ ರಸ್ತೆಯಲ್ಲಿ ಸುರಂಗಗಳಿವೆ, ಸೈಕಲ್‌ಗೆ ಮುಂದೆ ಹಿಂದೆ ದೀಪವಿಲ್ಲದೆ ಹೋಗಲೇಬೇಡಿ. ಲೊತಾರೆಯಲ್ಲಿ ಎಡಕ್ಕೆ ತಿರುಗಿದ ಮೇಲಿನ ಎಂಟೂವರೆ ಕಿ.ಮೀ. ನಿಜವಾದ ಗಾಲಿಬಿಯೆ. ಇಂಥ ಘಾಟಿಗಳಲ್ಲಿ ಕಿಲೋಮೀಟರಿಗೊಂದು ಪುಟ್ಟ ಫಲಕ ಇರುತ್ತದೆ: ಈಗಿನ ಎತ್ತರ, ನೆತ್ತಿಗೆ ಉಳಿದ ದೂರ, ಮುಂದಿನ ಒಂದು ಕಿ.ಮೀ.ನ ಸರಾಸರಿ ಏರು. ಶೇ 6 ಎಂದಿದ್ದರೆ ಒಂದು ಗುಟುಕು ನೀರು, ಒಂದು ತುಂಡು ಚಿಕ್ಕಿ. ಶೇ 9 ಎಂದಿದ್ದರೆ ಗೇರು ಇಳಿಸಿ, ಮೌನವಾಗಿ ತುಳಿಯುವುದು. ಸ್ಮಾರಕದ ಬಳಿಯ ಸುರಂಗದಿಂದ ಮೇಲಿನ ಕೊನೆಯ ಕಿ.ಮೀ. ಎಲ್ಲಕ್ಕಿಂತ ಕಡಿದು. ಅದಕ್ಕೆಂದು ಸ್ವಲ್ಪ ಶಕ್ತಿ ಉಳಿಸಿಕೊಂಡಿರಬೇಕು.

ಗೇರಿನ ಲೆಕ್ಕ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಸಾಧಾರಣ ಸವಾರ ಶೇ 8ರ ಏರಿನಲ್ಲಿ ಗಂಟೆಗೆ 9 ಕಿ.ಮೀ. ವೇಗದಲ್ಲಿ ಸಾಗುತ್ತಾನೆ ಎಂದುಕೊಳ್ಳಿ. ಮುಂದೆ 34 ಹಲ್ಲು, ಹಿಂದೆ 34 ಹಲ್ಲಿನ ಚಕ್ರವಿದ್ದರೆ ಆ ವೇಗಕ್ಕೆ ನಿಮಿಷಕ್ಕೆ ಸುಮಾರು 70 ಸಲ ಪೆಡಲ್ ಸುತ್ತಿದರೆ ಸಾಕು. ಮುಂದೆ 36, ಹಿಂದೆ 28 ಇದ್ದರೆ ಅದೇ ವೇಗಕ್ಕೆ ಸುತ್ತು 55ಕ್ಕೆ ಇಳಿಯುತ್ತದೆ, ಪ್ರತಿ ಸುತ್ತಿಗೂ ಮಂಡಿಯ ಮೇಲೆ ಹೊರೆ ಏರುತ್ತದೆ. ಒಂದೂವರೆ ಗಂಟೆ ಹೀಗೆ ತುಳಿದ ಮಂಡಿ ಮರುದಿನ ಮುನಿಸಿಕೊಳ್ಳದೆ ಇರದು. ಬಾಡಿಗೆ ಅಂಗಡಿಗೆ ಮುಂಚೆಯೇ ಬರೆದು, ಹಿಂದಿನ ದೊಡ್ಡ ಚಕ್ರ ಎಷ್ಟು ಹಲ್ಲಿನದು ಎಂದು ಕೇಳಿ. ನಿಮ್ಮ ಪೆಡಲ್, ಶೂ ಮತ್ತು ಸೀಟಿನ ಎತ್ತರದ ಅಳತೆ ಜೊತೆಗಿರಲಿ. ನಮ್ಮಲ್ಲಿ ಬಹುಪಾಲು ಸೈಕಲ್‌ಗಳ ಮುಂದಿನ ಬ್ರೇಕು ಬಲಗೈಗೆ, ಅಲ್ಲಿ ಎಡಗೈಗೆ. ರಸ್ತೆಯಲ್ಲಿ ಚಲಿಸುವುದೂ ಬಲಬದಿಯಲ್ಲಿ. ಇವೆರಡನ್ನೂ ಇಳಿಜಾರಿನಲ್ಲಿ ಕಲಿಯಲು ಹೋಗಬಾರದು, ಅಂಗಡಿಯ ಮುಂದೆಯೇ ರೂಢಿ ಮಾಡಿಕೊಳ್ಳಬೇಕು.

ತಯಾರಿಗೆ ನಂದಿಬೆಟ್ಟ ಒಳ್ಳೆಯದೇ. ಆದರೆ ಆಲ್ಪ್ ದ್ಯುಯೆಜ್ ಎಂದರೆ ನಂದಿಯನ್ನು ಎರಡೂವರೆ ಸಲ, ನಡುವೆ ಇಳಿಯದೆ, ಸುಧಾರಿಸಿಕೊಳ್ಳದೆ ಹತ್ತಿದಂತೆ. ಹಾಗಾಗಿ ಬಿಡುವಿಲ್ಲದೆ ಒಂದೂವರೆ ಗಂಟೆ ಒಂದೇ ಹದದಲ್ಲಿ ತುಳಿಯುವ ಅಭ್ಯಾಸ ಬೇಕು. ಆಗುಂಬೆ, ಚಾರ್ಮಾಡಿ ಘಾಟಿಗಳು ತಿರುವಿನ ಪಾಠ ಕಲಿಸುತ್ತವೆ. ಟೂರ್ ಆಫ್ ನೀಲಗಿರೀಸ್ ಸವಾರರು ಬಲ್ಲ, 36 ತಿರುವುಗಳ ಕಲ್ಹಟ್ಟಿ ಏರನ್ನು ನಿಲ್ಲದೆ ಹತ್ತಿದವರಿಗೆ ಫ್ರಾನ್ಸಿನ ಯಾವ ಘಾಟಿಯೂ ಅಪರಿಚಿತ ಅನ್ನಿಸದು.

ನಾವು ಕಡೆಗಣಿಸುವುದು ಇಳಿಯುವುದನ್ನು. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ತಂಪು ಹೆಚ್ಚುತ್ತದೆ. ಕಣಿವೆಯಲ್ಲಿ 28 ಡಿಗ್ರಿ ಇದ್ದ ದಿನ ಗಾಲಿಬಿಯೆಯ ಮೇಲೆ 15–16. ಬೆವರಿನಿಂದ ತೊಯ್ದ ಅಂಗಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಇಳಿದರೆ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗುವುದಿಲ್ಲ. ಗಾಳಿತಡೆ ಜಾಕೆಟ್, ತೋಳುಗವಸು, ಪೂರ್ಣ ಕೈಗವಸು ಜೇಬಿನಲ್ಲಿರಲೇಬೇಕು. ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ, ಆದ್ದರಿಂದ ಬೆಳಿಗ್ಗೆ ಏಳಕ್ಕೆಲ್ಲ ಹೊರಡಿ. ಎತ್ತರದ ಘಾಟಿಗಳು ಹಿಮದಿಂದ ಬಿಡುಗಡೆಯಾಗುವುದು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಿ; ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಟೂರ್ ಡಿ ಫ್ರಾನ್ಸ್ ಹಾದುಹೋಗುವ ದಿನ ರಸ್ತೆ ಗಂಟೆಗಟ್ಟಲೆ ಮುಚ್ಚಿರುತ್ತದೆ, ದಿನಾಂಕ ನೋಡಿಕೊಂಡು ಹೋಗಿ.

ಸಸ್ಯಾಹಾರಿಗಳಿಗೆ ಬ್ರೆಡ್, ಚೀಸ್, ಪಾಸ್ತಾ, ಹಣ್ಣು ಧಾರಾಳ. ಮನೆಯಿಂದ ಶೇಂಗಾ ಚಿಕ್ಕಿ ಒಯ್ಯಿರಿ. ಹಾಲಿನ ಸಿಹಿತಿಂಡಿ ಬೇಡ, ಐರೋಪ್ಯ ಒಕ್ಕೂಟ ಹೊರಗಿನಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆ ಪರ್ವತ ರಸ್ತೆಯ ಸೈಕಲ್ ಅಪಘಾತಕ್ಕೂ ಅನ್ವಯಿಸುತ್ತದೆಯೇ ಎಂದು ಷರತ್ತು ಓದಿ ಖಚಿತಪಡಿಸಿಕೊಳ್ಳಿ.

ವಾರದ ಯೋಜನೆಯಲ್ಲಿ ದಿನಗಳನ್ನು ಅದಲುಬದಲು ಮಾಡಲು ಜಾಗ ಇಟ್ಟುಕೊಳ್ಳಿ. ಹವಾಮಾನ ಕೈಕೊಟ್ಟು ಒಂದೇ ಒಂದು ಶುಭ್ರ ದಿನ ಸಿಕ್ಕರೆ, ಅದನ್ನು ಗಾಲಿಬಿಯೆಗೆ ಕೊಡಿ. ಆಲ್ಪ್ ದ್ಯುಯೆಜ್ ಅನ್ನು ಮೋಡದ ದಿನವೂ ಹತ್ತಬಹುದು.